ಸೊಲ್ಲಾಪುರದ ನಡುವಿನ ಊರು: ಒಂದು ಕೆರೆ, ಒಂದು ಕೋಟೆ, ವಾರಕ್ಕೊಂದು ಪೇಟೆ

ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಇತಿಹಾಸ ಕಲಿಸುವವರಿಗೆಲ್ಲ ಗೊತ್ತಿರುವ ಒಂದು ತೊಡಕಿದೆ. ನಮ್ಮ ಮಕ್ಕಳಿಗೆ ಇತಿಹಾಸವೆಂದರೆ ಯಾವಾಗಲೂ ಬೇರೆ ಊರಿನದು. ನಾಲ್ಕನೆಯ ತರಗತಿಯಲ್ಲಿ ಶಿವಾಜಿ ಮಹಾರಾಜರ ಚರಿತ್ರೆಯನ್ನು ಕನ್ನಡದಲ್ಲೇ ಓದುತ್ತಾರೆ. ರಾಯಗಡ, ಪ್ರತಾಪಗಡ, ಪುಣೆಯ ಲಾಲ್ ಮಹಲು ಎಲ್ಲ ಬಾಯಿಪಾಠ. ಓದಬೇಕಾದದ್ದೇ ಅದು, ತಕರಾರಿಲ್ಲ. ಕರ್ನಾಟಕದಿಂದ ಬರುವ ಪುಸ್ತಕ ತೆರೆದರೆ ಹಂಪಿ, ಬಾದಾಮಿ, ಮೈಸೂರು. ಆದರೆ ದೀಪಾವಳಿ ಬಟ್ಟೆಗೆ, ದವಾಖಾನೆಗೆ, ಅಡತಿಗೆ ಕಾಳು ಹಾಕಲು ಅಪ್ಪನ ಜೊತೆ ತಿಂಗಳಿಗೊಮ್ಮೆ ಎಸ್.ಟಿ. ಬಸ್ಸಿನಲ್ಲಿ ಹೋಗಿ ಇಳಿಯುವ ಸೊಲ್ಲಾಪುರ ಮಾತ್ರ ಅವರ ಪಾಲಿಗೆ ಬರೀ ಪೇಟೆ. ಚಾದರ, ಟವೆಲ್, ಶೇಂಗಾ ಚಟ್ನಿ, ಅಷ್ಟೇ.

ಈ ಸಲ ಆ ಪೇಟೆಯ ಬಗ್ಗೆಯೇ ಬರೆಯೋಣ ಅನಿಸಿತು. ಇಡೀ ನಗರದ ಬಗ್ಗೆ ಅಲ್ಲ. ಸಿದ್ಧೇಶ್ವರ ಕೆರೆ, ಅದಕ್ಕೆ ಅಂಟಿಕೊಂಡ ಭುಯಿಕೋಟ ಕಿಲ್ಲೆ, ಅಲ್ಲಿಂದ ಕಾಲ್ನಡಿಗೆಯಲ್ಲೇ ಮುಗಿಯುವ ಹಳೆಯ ಕಸಬಾ ಮತ್ತು ಪೇಟೆಗಳು, ಇಷ್ಟರ ಬಗ್ಗೆ ಮಾತ್ರ.

ಮೊದಲು ಹೆಸರು. ಹದಿನಾರು ಊರು ಸೇರಿ ಸೋಲಾ ಪುರ ಆಯಿತು ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಹಿಂದಿಯ 'ಸೋಲಹ್' ಹಿಡಿದು ಆಮೇಲೆ ಕಟ್ಟಿದ ಕಥೆ ಇದು. ವಚನಗಳಲ್ಲಿ, ಶರಣರ ಚರಿತ್ರೆಯಲ್ಲಿ ಈ ಊರು ಸೊನ್ನಲಿಗೆ, ಸೊನ್ನಲಾಪುರ. ಸೊನ್ನಲಾಪುರವನ್ನು ನಾಲ್ಕು ಸಲ ಬೇಗ ಬೇಗ ಹೇಳಿ ನೋಡಿ, ನಮ್ಮ ಹಳ್ಳಿಯ ಅಜ್ಜಿಯರು ಹೇಳುವ 'ಸೊಲ್ಲಾಪುರ' ತಾನಾಗಿ ಬರುತ್ತದೆ. ಬ್ರಿಟಿಷರು ಅದನ್ನು 'ಶೋಲಾಪುರ' ಮಾಡಿದರು, ಮರಾಠಿಯಲ್ಲಿ 'ಸೋಲಾಪುರ' ಉಳಿಯಿತು. ಎರಡು 'ಲ'ಕಾರದ ಒತ್ತು ಉಳಿದದ್ದು ಕನ್ನಡದವರ ಬಾಯಲ್ಲಿ ಮಾತ್ರ. ಮಕ್ಕಳು ಹಾಗೆ ಅಂದಾಗ 'ಹಳ್ಳಿ ಮಾತು' ಎಂದು ತಿದ್ದುವವರು ಇದನ್ನು ನೆನಪಿಡಬೇಕು.

ಇನ್ನು ಕೆರೆ. ಸೊಲ್ಲಾಪುರದ ಭೂಮಿ ನೋಡಿದವರಿಗೆ ಕೆರೆಯ ಬೆಲೆ ಬೇಗ ತಿಳಿಯುತ್ತದೆ. ಎರೆ ನೆಲ, ಬಯಲು ಸೀಮೆ, ಮಳೆ ಕಡಿಮೆ. ಭೀಮೆ ದಕ್ಷಿಣಕ್ಕೆ ದೂರ ಹರಿಯುತ್ತದೆ, ಸೀನಾ ಹೊಳೆ ಪಶ್ಚಿಮಕ್ಕೆ. ಊರಿನ ಪಕ್ಕದಲ್ಲೇ ವರ್ಷವಿಡೀ ಹರಿಯುವ ದೊಡ್ಡ ಹೊಳೆ ಇಲ್ಲ. ಇಂಥ ಕಡೆ 12ನೇ ಶತಮಾನದಲ್ಲಿ ಒಬ್ಬ ಒಕ್ಕಲಿಗರ ಮನೆಯ ಹುಡುಗ ಕೆರೆ ತೋಡಿಸಲು ನಿಂತ. ಮುದ್ದುಗೌಡ ಮತ್ತು ಸುಗ್ಗಲೆಯ ಮಗ ಸಿದ್ಧರಾಮ. ದನ ಕಾಯುತ್ತಿದ್ದ ಹುಡುಗ ಮಲ್ಲಯ್ಯನನ್ನು ಹುಡುಕಿಕೊಂಡು ಶ್ರೀಶೈಲಕ್ಕೆ ಹೋಗಿ ಬಂದ ಕಥೆ ನಮ್ಮ ಮಕ್ಕಳಿಗೆ ಗೊತ್ತು. 13ನೇ ಶತಮಾನದ ರಾಘವಾಂಕ 'ಸಿದ್ಧರಾಮ ಚಾರಿತ್ರ' ಬರೆದದ್ದು ಇವರನ್ನೇ ಕುರಿತು. ಶ್ರೀಶೈಲದಿಂದ ಬಂದ ಮೇಲೆ ಅವರು ಮಾಡಿದ್ದು ಎರಡು ಕೆಲಸ: ಗುಡಿ ಕಟ್ಟಿಸಿದರು, ಕೆರೆ ಕಟ್ಟಿಸಿದರು. ಸುತ್ತ 68 ಲಿಂಗಗಳನ್ನು ಸ್ಥಾಪಿಸಿದರು ಎಂಬುದು ಪರಂಪರೆ.

ಅಲ್ಲಮಪ್ರಭು ಸೊನ್ನಲಿಗೆಗೆ ಬಂದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಕೆರೆಯ ಕೆಲಸ ನಡೆದಿರುವಾಗ ಬಂದ ಅಲ್ಲಮ, ಎಲ್ಲಿದ್ದಾನೆ ನಿಮ್ಮ ಒಡ್ಡರಾಮ ಎಂದು ಕೇಳಿದರಂತೆ. ಮಣ್ಣು ಹೊರುತ್ತಿದ್ದ ಶಿಷ್ಯರಿಗೆ ಸಿಟ್ಟು ಬಂದು ಕಲ್ಲು ಎಸೆದರಂತೆ. ಅಲ್ಲಿಂದ ಮುಂದೆ ಸಿದ್ಧರಾಮರು ಕಲ್ಯಾಣಕ್ಕೆ ಹೋಗಿ ಚೆನ್ನಬಸವಣ್ಣನವರಿಂದ ದೀಕ್ಷೆ ಪಡೆದು ಶರಣರ ಸಾಲಿಗೆ ಸೇರಿದರು. ಅವರ ಹೆಸರಿನಲ್ಲಿ ಇಂದು ಸಿಕ್ಕಿರುವ ವಚನಗಳೇ ಸಾವಿರಕ್ಕೂ ಹೆಚ್ಚು. ಅಂಕಿತದಲ್ಲಿ ಬರುವ ಕಪಿಲಸಿದ್ಧ ಮಲ್ಲಿಕಾರ್ಜುನ ಇದೇ ಊರಿನ ದೇವರು. ಬರೀ ಕೆರೆ ಗುಡಿ ಕಟ್ಟುವುದರಲ್ಲೇ ಏನಿದೆ ಎಂಬ ಅಲ್ಲಮರ ತಕರಾರು ತತ್ವದ ದೃಷ್ಟಿಯಿಂದ ದೊಡ್ಡದೇ. ಆದರೆ ಬೇಸಿಗೆಯಲ್ಲಿ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡುವ ಹಳ್ಳಿಯಲ್ಲಿ ಪಾಠ ಮಾಡುವ ನನಗೆ, ಈ ಒಂದು ವಿಷಯದಲ್ಲಿ ಒಡ್ಡರಾಮನ ಪಕ್ಷವೇ ಹೆಚ್ಚು ಸರಿ ಅನಿಸುತ್ತದೆ.

ಈಗಿನ ಸಿದ್ಧೇಶ್ವರ ಗುಡಿ ಕೆರೆಯ ನಡುವೆ ನಿಂತಿದೆ, ಅಂಗಳದಲ್ಲಿ ಸಿದ್ಧರಾಮರ ಯೋಗಸಮಾಧಿ ಇದೆ. ಒಂದು ಕೆರೆ ಇದ್ದಲ್ಲಿ ಊರು ಬೆಳೆಯುತ್ತದೆ, ಊರು ಬೆಳೆದಲ್ಲಿ ಸೈನ್ಯ ಬರುತ್ತದೆ. ಕೆರೆಯ ಪಶ್ಚಿಮ ದಂಡೆಯಲ್ಲಿ ಬಹಮನಿ ಕಾಲದಲ್ಲಿ ಕೋಟೆ ಎದ್ದಿತು. ಸುತ್ತ ಬಯಲು, ಹತ್ತಲು ಒಂದು ಗುಡ್ಡ ಇಲ್ಲ. ಅದಕ್ಕೇ ಇದು ಭುಯಿಕೋಟ, ಅಂದರೆ ನೆಲದ ಮೇಲಿನ ಕೋಟೆ. ಗುಡ್ಡ ಕೊಡುವ ರಕ್ಷಣೆಯನ್ನು ನೀರಿನಿಂದ ಪಡೆದರು. ಪೂರ್ವಕ್ಕೆ ಸಿದ್ಧರಾಮರ ಕೆರೆ, ಉಳಿದ ಕಡೆ ಅಗಲವಾದ ಕಂದಕ, ಒಳಗೆ ಎರಡು ಸುತ್ತು ಗೋಡೆ. ಹೊಲಕ್ಕೂ ಕುಡಿಯಲಿಕ್ಕೂ ಎಂದು ತೋಡಿದ ನೀರು ಹೀಗೆ ಕೋಟೆಯ ಕಾವಲಿಗೂ ನಿಂತಿತು.

ಕೋಟೆಯ ಒಳಗೆ ಹೋದವರು ಒಂದು ಹಳೆಯ ಗುಡಿಯ ಅವಶೇಷ ನೋಡಿರುತ್ತೀರಿ. ಚಾಲುಕ್ಯ ಶೈಲಿಯ ಕೆತ್ತನೆಯ ಕಂಬಗಳು. ಸಿದ್ಧರಾಮರು ಕಟ್ಟಿಸಿದ ಮೂಲ ಮಲ್ಲಿಕಾರ್ಜುನ ಗುಡಿ ಇದೇ ಎಂದು ಊರವರ ನಂಬಿಕೆ. ಕೋಟೆಯ ಗೋಡೆಗಳಲ್ಲೂ ಅಲ್ಲಲ್ಲಿ ಹಳೆಯ ಕಟ್ಟಡದ ಕೆತ್ತನೆಯ ಕಲ್ಲುಗಳು ಕೂತಿವೆ. ಇದನ್ನು ತೋರಿಸಿದಾಗ ಮಕ್ಕಳು ಕೇಳುವ ಪ್ರಶ್ನೆ ಗೊತ್ತೇ ಇದೆ: ಗುಡಿ ಒಡೆದು ಕೋಟೆ ಕಟ್ಟಿದರಾ ಸರ್? ಒಂದು ರಾಜ್ಯ ಹೋಗಿ ಇನ್ನೊಂದು ಬಂದಾಗ ಹಳೆಯ ಕಟ್ಟಡದ ಕಲ್ಲು ಹೊಸದಕ್ಕೆ ಹೋಗುವುದು ದಖನಿನ ಎಲ್ಲ ಊರಲ್ಲೂ ಇದೆ. ಕೆಲವೊಮ್ಮೆ ಒಡೆದು ಒಯ್ದರು, ಕೆಲವೊಮ್ಮೆ ಬಿದ್ದದ್ದನ್ನು ಹೆಕ್ಕಿದರು. ಕೋಟೆಯ ಕಲ್ಲನ್ನು ಆಮೇಲೆ ಊರವರೂ ಬಿಟ್ಟಿಲ್ಲ. ಮಕ್ಕಳಿಗೆ ಇಷ್ಟೂ ಹೇಳಬೇಕು, ಅರ್ಧ ಹೇಳಿ ಬಿಡಬಾರದು.

ಬಹಮನಿ ರಾಜ್ಯ ಒಡೆದ ಮೇಲೆ ಸೊಲ್ಲಾಪುರ ಬಿಜಾಪುರದ ಆದಿಲಶಾಹಿಗೂ ಅಹಮದನಗರದ ನಿಜಾಮಶಾಹಿಗೂ ನಡುವಿನ ಎಲುಬಿನ ತುಂಡಾಯಿತು. ಗಡಿ ಜಗಳ ನಮಗೆ ಹೊಸದಲ್ಲ ನೋಡಿ. 1524ರ ಸುಮಾರಿಗೆ ಬಿಜಾಪುರದ ರಾಜಕುಮಾರಿಯನ್ನು ಬುರ್ಹಾನ್ ನಿಜಾಮಶಹನಿಗೆ ಕೊಟ್ಟು ಮದುವೆ ಮಾಡಿದಾಗ ಸೊಲ್ಲಾಪುರವನ್ನು ಬಳುವಳಿಯಾಗಿ ಕೊಡುವ ಮಾತಾಯಿತು. ಮದುವೆ ಆಯಿತು, ಊರು ಕೊಡಲಿಲ್ಲ. ಅದರ ಮೇಲೆ ಯುದ್ಧಗಳೇ ನಡೆದವು. ನಲವತ್ತು ವರ್ಷದ ನಂತರ, 1564ರ ಸುಮಾರಿಗೆ, ಉಲ್ಟಾ ಮದುವೆ. ಅಹಮದನಗರದ ಚಾಂದಬೀಬಿ ಬಿಜಾಪುರದ ಅಲಿ ಆದಿಲಶಹನನ್ನು ಮದುವೆಯಾದಳು, ಸೊಲ್ಲಾಪುರ ಈ ಸಲ ಅವಳ ಬಳುವಳಿಯಾಗಿ ಬಿಜಾಪುರಕ್ಕೆ ಬಂತು. ಈ ಬೀಗತನ ಬರೀ ಮನೆಯ ಸಂಬಂಧ ಅಲ್ಲ. ಮರುವರ್ಷ 1565ರಲ್ಲಿ ದಖನಿನ ಸುಲ್ತಾನರು ಒಟ್ಟಾಗಿ ವಿಜಯನಗರದ ಮೇಲೆ ಹೋದರಲ್ಲ, ಆ ಒಗ್ಗಟ್ಟಿಗೆ ದಾರಿ ಮಾಡಿದ್ದು ಇದೇ ರಾಜಿ. ಹಂಪಿ ಹಾಳಾದ ಪಾಠ ಮಾಡುವಾಗ ಸೊಲ್ಲಾಪುರದ ಕೋಟೆಯನ್ನು ನೆನಪಿಸಿದರೆ, ಮಕ್ಕಳು ಒಮ್ಮೆಲೆ ಕಿವಿ ನಿಮಿರಿಸುತ್ತಾರೆ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 1668ರಲ್ಲಿ ಬಿಜಾಪುರದವರು ಕೋಟೆಯನ್ನು ಮೊಗಲರಿಗೆ ಬಿಟ್ಟುಕೊಟ್ಟರು. 1685ರಲ್ಲಿ ಔರಂಗಜೇಬ ಬಿಜಾಪುರದ ಮುತ್ತಿಗೆಗೆ ಬಂದಾಗ ಇಲ್ಲಿ ಬೀಡು ಬಿಟ್ಟಿದ್ದ. ಆಮೇಲೆ ನಿಜಾಮರು, ಆಮೇಲೆ ಪೇಶ್ವೆಯವರು. 1818ರ ಮೇ ತಿಂಗಳಲ್ಲಿ ಜನರಲ್ ಮನ್ರೋ ಪೇಶ್ವೆಯ ಸೈನ್ಯವನ್ನು ಸೋಲಿಸಿ ಕೋಟೆ ಹಿಡಿದ. ಅಲ್ಲಿಗೆ ಕೋಟೆಯ ಯುದ್ಧದ ಕೆಲಸ ಮುಗಿಯಿತು.

ಕೋಟೆಯಿಂದ ಹೊರಬಂದು ಪೇಟೆಗೆ ಹೋಗೋಣ. ಹಳೆಯ ಊರಿನ ಮೂಲ ವಸತಿ ಉತ್ತರ ಕಸಬಾ ಮತ್ತು ದಕ್ಷಿಣ ಕಸಬಾ. ಅವುಗಳ ಸುತ್ತ ವಾರದ ಹೆಸರಿನ ಪೇಟೆಗಳು: ಸೋಮವಾರ, ಮಂಗಳವಾರ, ಬುಧವಾರ, ಗುರುವಾರ, ಶುಕ್ರವಾರ, ಶನಿವಾರ, ರವಿವಾರ. ಪುಣೆಯಲ್ಲೂ ಇದೇ ರೀತಿ ಇದೆ. ಇವಲ್ಲದೆ ಸಾಖರ ಪೇಟೆ, ಬೇಗಂ ಪೇಟೆ, ಮುರಾರಜಿ ಪೇಟೆ, ನವೀ ಪೇಟೆ. ಪೇಟೆ ಎಂಬುದು ಕನ್ನಡ, ತೆಲುಗು, ತಮಿಳು, ಮರಾಠಿ ನಾಲ್ಕೂ ಭಾಷೆಯವರು ತಮ್ಮದೇ ಎನ್ನುವ ಪದ. ಇಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ಆಡುವವರು ಒಂದೇ ಓಣಿಯಲ್ಲಿ ಅಂಗಡಿ ಇಟ್ಟಿರುವುದರಿಂದ ಆ ಹೆಸರು ಒಪ್ಪುತ್ತದೆ ಕೂಡ. ಪೂರ್ವದ ಪೇಟೆಗಳಲ್ಲಿ ಮಗ್ಗ ಹಿಡಿದು ಬಂದ ಪದ್ಮಶಾಲಿಗಳ ತೆಲುಗು ಕೇಳುತ್ತದೆ. ಸೊಲ್ಲಾಪುರದ ಚಾದರಕ್ಕೆ ಹೆಸರು ತಂದವರು ಅವರೇ.

ಊರಿನ ಸುತ್ತ ಒಂದು ಕಾಲಕ್ಕೆ ಗೋಡೆ ಇತ್ತು, ಅಗಸಿ ಬಾಗಿಲುಗಳಿದ್ದವು. ಮರಾಠಿಯಲ್ಲಿ 'ವೇಸ್' ಅಂದರೆ ನಮ್ಮ ಅಗಸಿಯೇ. ತುಳಜಾಪುರ ವೇಸ್, ವಿಜಾಪುರ ವೇಸ್, ಬಾಳೀ ವೇಸ್, ಕುಂಭಾರ ವೇಸ್ ಎಂದು ಇಂದಿಗೂ ರಿಕ್ಷಾದವರು ಕೂಗುತ್ತಾರೆ. ಆದರೆ ಅಲ್ಲಿ ಇಳಿದು ಬಾಗಿಲು ಹುಡುಕಿದರೆ ಸಿಗುವುದು ಚಹಾದ ಅಂಗಡಿ ಮಾತ್ರ. 1852ರಲ್ಲಿ ಸೊಲ್ಲಾಪುರಕ್ಕೆ ಪುರಸಭೆ ಬಂತು, 1860ರಲ್ಲಿ ರೈಲು ಬಂತು. ರೈಲು ಬಂದದ್ದೇ ಹತ್ತಿ, ಕಾಳು, ಎಣ್ಣೆಬೀಜದ ವ್ಯಾಪಾರ ಉಕ್ಕಿತು, ಊರು ಗೋಡೆಯೊಳಗೆ ಹಿಡಿಸದಾಯಿತು. 1872ರ ಸುಮಾರಿಗೆ ಪುರಸಭೆಯೇ ಪೂರ್ವದ ಗೋಡೆ ಪೂರ್ತಿ, ಉಳಿದ ಕಡೆ ಅಲ್ಲಲ್ಲಿ ಕೆಡವಿಸಿತು. 1871ರಲ್ಲಿ ಊರಿನ ಉತ್ತರಕ್ಕೆ ಏಕರೂಕ ಕೆರೆ, ನಾವು ಹಿಪ್ಪರಗಿ ಕೆರೆ ಅನ್ನುವುದು, ಕಟ್ಟಿ ಮುಗಿದಿತ್ತು. 1877ರಲ್ಲಿ ಮೊದಲ ದೊಡ್ಡ ಗಿರಣಿ ಬಂತು, ಆಮೇಲೆ ಅದಕ್ಕೇ 'ಜೂನೀ ಮಿಲ್' ಎಂಬ ಹೆಸರಾಯಿತು. ಗೋಡೆ ಹೋಯಿತು, ಗಿರಣಿಗಳೂ ಒಂದೊಂದಾಗಿ ಮುಚ್ಚಿದವು. ಹೆಸರುಗಳು ಮಾತ್ರ ಗಟ್ಟಿ.

ಹೆಸರುಗಳ ಮಾತು ಬಂತು, ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಜನವರಿಯಲ್ಲಿ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ. ಮರಾಠಿ ಪತ್ರಿಕೆಗಳು ಇದನ್ನು 'ಗಡ್ಡಾ ಯಾತ್ರಾ' ಎಂದು ಬರೆಯುತ್ತವೆ. ಈ ಗಡ್ಡಾ ನಮ್ಮ ನಡುಗಡ್ಡೆಯ ಗಡ್ಡೆಯೇ ಇರಬಹುದು ಎಂದು ನನ್ನ ಊಹೆ, ಗುಡಿ ಇರುವುದು ನೀರಿನ ನಡುವೆ ತಾನೇ. ಊಹೆಯನ್ನು ಬಿಡಿ, ಸಂಶಯವೇ ಇಲ್ಲದ ಶಬ್ದಗಳನ್ನು ನೋಡಿ. ಮೊದಲ ದಿನ 68 ಲಿಂಗಗಳಿಗೆ ಎಣ್ಣೆ ಹಚ್ಚಿ ಸ್ನಾನ. ಅದಕ್ಕೆ ಮರಾಠಿ ಮಾತನಾಡುವವರೂ ಹೇಳುವುದು 'ಯಣ್ಣೀಮಜ್ಜನ'. ನಮ್ಮ ಎಣ್ಣೆ, ನಮ್ಮ ಮಜ್ಜನ. ಮರುದಿನ ಕೆರೆಯ ಬಳಿ ಅಕ್ಷತೆ ಬೀಳುವ ಜಾಗ 'ಸಂಮತೀ ಕಟ್ಟಾ', ಅಂದರೆ ಸಮ್ಮತಿ ಕಟ್ಟೆ. ಜಾತ್ರೆ ಮುಗಿಯುವ ದಿನ ನಂದೀಧ್ವಜಗಳ ಬಟ್ಟೆ ಬಿಚ್ಚುವ ವಿಧಿ 'ಕಪ್ಪಡಕಳೀ'. ಕಪ್ಪಡ ಎಂದರೆ ಹಳೆಯ ಕನ್ನಡದಲ್ಲಿ ಬಟ್ಟೆ. ಕನ್ನಡ ನಾಡಿನಲ್ಲೇ ಮರೆತುಹೋದ ಶಬ್ದ ಇಲ್ಲಿ ಪ್ರತಿ ಜನವರಿ ಮರಾಠಿ ಪತ್ರಿಕೆಯ ಮೊದಲ ಪುಟದಲ್ಲಿ ಅಚ್ಚಾಗುತ್ತದೆ! ಜಾತ್ರೆಯ ಮುಖ್ಯ ಮಾನ ಇರುವ ಮನೆತನದ ಹೆಸರು ಹಿರೇಹಬ್ಬು. ಅದರಲ್ಲಿನ 'ಹಿರೇ' ಯಾವ ಭಾಷೆಯದೆಂದು ಹೇಳಬೇಕಿಲ್ಲ.

ಈ ಜಾತ್ರೆಯ ಮೆರವಣಿಗೆಯೇ ಹಳೆಯ ಊರಿನ ನಕ್ಷೆ ಎಂದು ನನ್ನ ಅಭಿಪ್ರಾಯ. ಬಿಳಿ ಬಾರಾಬಂದಿ ತೊಟ್ಟವರು ಏಳು ನಂದೀಧ್ವಜಗಳನ್ನು ಎತ್ತಿ, ಸೊಂಟಕ್ಕೆ ಆನಿಸಿಕೊಂಡು, 68 ಲಿಂಗಗಳ ಪ್ರದಕ್ಷಿಣೆ ಹಾಕುತ್ತಾರೆ. ಕಂಬಕ್ಕಿಂತ ಎತ್ತರದ ಕೋಲುಗಳು, ಒಬ್ಬೊಬ್ಬರೇ ಹೊರಬೇಕು. ಏಳು ಧ್ವಜಗಳ ಮಾನ ಬೇರೆ ಬೇರೆ ಸಮುದಾಯಗಳಿಗೆ ಹಂಚಿದೆ. ಲಿಂಗಗಳು ಎಲ್ಲವೂ ಗುಡಿಯಲ್ಲಿಲ್ಲ. ಕೆಲವು ಓಣಿಯ ಮೂಲೆಯಲ್ಲಿ, ಕೆಲವು ಅಂಗಡಿಗಳ ಸಂದಿಯಲ್ಲಿ. ಗೋಡೆ ಬಿದ್ದರೂ, ರಸ್ತೆ ಅಗಲವಾದರೂ, ವರ್ಷಕ್ಕೊಮ್ಮೆ ಕಾಲುಗಳು ಆ ಹಳೆಯ ಸುತ್ತನ್ನು ತುಳಿಯುತ್ತವೆ. ಕಾಗದದ ಮೇಲಿನ ನಕ್ಷೆಯಾಗಿದ್ದರೆ ಎಂದೋ ಗೆದ್ದಲು ತಿನ್ನುತ್ತಿತ್ತು.

ಅಕ್ಷತೆಯ ಹಿಂದಿನ ಕಥೆ ಹೆಣ್ಣುಮಕ್ಕಳಿಗೆ ತಿಳಿದಿರುತ್ತದೆ. ಕುಂಬಾರರ ಮಗಳು ಸಿದ್ಧರಾಮರನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದಳು, ಅವರು ತಾನು ಲಿಂಗವನ್ನು ವರಿಸಿದವನೆಂದು ಹೇಳಿ ತಮ್ಮ ಯೋಗದಂಡದೊಡನೆ ಮದುವೆಯಾಗಲು ಒಪ್ಪಿದರು. ಪ್ರತಿ ವರ್ಷ ಆ ಮದುವೆ. ಸಂಕ್ರಾಂತಿಯ ಹೋಮದಲ್ಲಿ ಸಜ್ಜೆಯ ದಂಟಿಗೆ ಸೀರೆ ಉಡಿಸಿ ಕುಂಬಾರಕನ್ಯೆಯಾಗಿ ಮಾಡಿ ಅಗ್ನಿಗೆ ಕೊಡುತ್ತಾರೆ. ಅದು ಯಾಕೆ ಹಾಗೆ ಎಂದು ಹುಡುಗಿಯರು ಕೇಳಿದರೆ ಗದರಿಸದೆ ಚರ್ಚೆಗೆ ಬಿಡುವುದೇ ಒಳ್ಳೆಯದು. ಅದೇ ರಾತ್ರಿ, ದಿನವಿಡೀ ಉಪವಾಸ ಇಟ್ಟ ಕರುವಿನ ಮುಂದೆ ಕಾಳು, ಬೆಲ್ಲ ಇಟ್ಟು ಅದು ಏನು ಮಾಡುತ್ತದೆಂದು ನೋಡಿ ಮಳೆ ಬೆಳೆ ಧಾರಣೆಯ ಹೇಳಿಕೆ ಆಗುತ್ತದೆ. ನಮ್ಮ ಹಳ್ಳಿಯ ರೈತರು ಹವಾಮಾನ ಇಲಾಖೆಯ ಮಾತನ್ನೂ ಕೇಳುತ್ತಾರೆ, ಕರುವಿನ ಮಾತನ್ನೂ ಕೇಳುತ್ತಾರೆ.

ಇಷ್ಟು ಹೇಳಿದೊಡನೆ, 'ಹಾಗಾದರೆ ಊರು ನಮ್ಮದೇ' ಎಂದು ಹುಡುಗರು ಎದೆ ತಟ್ಟುವುದುಂಟು. ಅದಕ್ಕೆ ಅವರನ್ನು ಕೋಟೆಯ ಹತ್ತಿರದ ಚಾರ್ ಪುತಳಾ ಚೌಕಕ್ಕೆ ಕರೆದೊಯ್ಯಬೇಕು. ಅಲ್ಲಿ ನಾಲ್ಕು ಜನರ ಪ್ರತಿಮೆಗಳಿವೆ. 1930ರ ಏಪ್ರಿಲ್ 6ರಂದು ಪುರಸಭೆಯ ಕಟ್ಟಡದ ಮೇಲೆ ರಾಷ್ಟ್ರಧ್ವಜ ಹಾರಿಸಿದ ಊರಿದು. ಮೇ ತಿಂಗಳ ಆರಂಭದಲ್ಲಿ ಗಾಂಧೀಜಿಯವರ ಬಂಧನವಾದ ಸುದ್ದಿ ಬಂದಾಗ ಜನ ಬೀದಿಗಿಳಿದರು. ಮೇ 8ರಂದು ಪೊಲೀಸರ ಗೋಲಿಬಾರು, ಶಂಕರ ಶಿವದಾರೆ ಎಂಬ ತರುಣ ಬಿದ್ದ. ಸಿಟ್ಟಿಗೆದ್ದ ಜನ ಪೊಲೀಸ್ ಚೌಕಿಗೂ ಕೋರ್ಟಿಗೂ ಬೆಂಕಿ ಇಟ್ಟರು, ಪೊಲೀಸರೂ ಸತ್ತರು. ಅಧಿಕಾರಿಗಳು ಊರು ಬಿಟ್ಟರು. ಮೇ 9, 10, 11, ಮೂರು ದಿನ ಕಾಂಗ್ರೆಸ್ ಸ್ವಯಂಸೇವಕರೇ ಊರನ್ನು ನಡೆಸಿದರು. 12ರಿಂದ ಮಾರ್ಷಲ್ ಲಾ, ಅಂದರೆ ಲಷ್ಕರಿ ಆಡಳಿತ, ಜೂನ್ ಕೊನೆಯ ತನಕ. ಗಾಂಧಿ ಟೊಪ್ಪಿಗೆ ಹಾಕಿದ್ದಕ್ಕೂ ಶಿಕ್ಷೆ ಆಗುತ್ತಿದ್ದ ದಿನಗಳು ಅವು.

1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು. ಮಲ್ಲಪ್ಪ ಧನಶೆಟ್ಟಿ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ. ಒಬ್ಬರು ಲಿಂಗಾಯತ ಮನೆತನದವರು, ಒಬ್ಬರು ಮುಸಲ್ಮಾನ ಪತ್ರಿಕೆಗಾರ, ಒಬ್ಬರು ಮರಾಠಾ, ಒಬ್ಬರು ಮಾರವಾಡಿ. ಆ ನಾಲ್ಕು ಹೆಸರುಗಳನ್ನು ಒಂದರ ಕೆಳಗೊಂದು ಫಲಕದ ಮೇಲೆ ಬರೆದರೆ ಸಾಕು, ಊರು ಯಾರದು ಎಂಬ ಪ್ರಶ್ನೆಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಜನವರಿ 12 ಎಂದರೆ ಜಾತ್ರೆಯ ವಾರ. ನಂದೀಧ್ವಜ ಎತ್ತುವ ತಯಾರಿಯಲ್ಲಿದ್ದ ಊರಿಗೆ ಆ ಸುದ್ದಿ ಬಂದಿತ್ತು.

ಅದೇ ಚೌಕದ ಆಸುಪಾಸಿನಲ್ಲಿ ಇಂದ್ರಭುವನ ಎಂಬ ಭವ್ಯ ಕಟ್ಟಡವಿದೆ. 20ನೇ ಶತಮಾನದ ಆರಂಭದಲ್ಲಿ ಅದನ್ನು ತಮ್ಮ ಮನೆಯಾಗಿ ಕಟ್ಟಿಸಿದವರು ವಾರದ ಮನೆತನದ ಮಲ್ಲಪ್ಪ, ಊರವರ ಬಾಯಲ್ಲಿ ಅಪ್ಪಾಸಾಹೇಬ ವಾರದ. ನಂತರ ಅದು ಮಹಾನಗರಪಾಲಿಕೆಗೆ ಬಂತು. ಇಲ್ಲಿಯ ಕನ್ನಡ ವ್ಯಾಪಾರಿಗಳು ಎಂಥ ಸ್ಥಿತಿವಂತರಾಗಿದ್ದರು ಎಂಬುದಕ್ಕೆ ಆ ಗೋಡೆಗಳ ಗಾರೆಯ ಕೆಲಸ ಒಂದೇ ಸಾಕು. ಆದರೆ ಸ್ಥಿತಿ ಇದ್ದ ಮನೆಗಳಲ್ಲೂ ಮಕ್ಕಳಿಗೆ ಕನ್ನಡ ಶಾಲೆ ಇರಲಿಲ್ಲ. 1912ರಲ್ಲಿ ಇದೇ ಸೊಲ್ಲಾಪುರದಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರು ಓದಿದ್ದು ಮರಾಠಿಯಲ್ಲಿ. ಕನ್ನಡ ಅಕ್ಷರವನ್ನು ಆಮೇಲೆ ತಾವೇ ಕಲಿತು, ಅದೇ ಕನ್ನಡದಲ್ಲಿ, ತ್ರಿಪದಿಯಲ್ಲಿ ಸಿದ್ಧರಾಮರ ಪುರಾಣ ಬರೆದರು. 1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೊಲ್ಲಾಪುರದಲ್ಲೇ ನಡೆಯಿತು, ಎಂ. ಆರ್. ಶ್ರೀನಿವಾಸಮೂರ್ತಿಯವರು ಅಧ್ಯಕ್ಷರು. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ಊರು ಆಚೆಗೇ ಉಳಿಯಿತು. 1974ರಲ್ಲಿ ಮಂಡ್ಯದ ಸಮ್ಮೇಳನಕ್ಕೆ ಜಯದೇವಿತಾಯಿ ಅಧ್ಯಕ್ಷರಾದರು, ಆ ಪೀಠದಲ್ಲಿ ಕೂತ ಮೊದಲ ಮಹಿಳೆ. ಶಾಲೆಯಲ್ಲಿ ಕನ್ನಡ ಕಲಿಯದ ಸೊಲ್ಲಾಪುರದ ಹೆಣ್ಣುಮಗಳು! ಪಟ ಸಂಖ್ಯೆ ಇಳಿಯುತ್ತಿರುವ ನಮ್ಮ ಶಾಲೆಗಳಲ್ಲಿ ಈ ಮಾತನ್ನು ಪಾಲಕರ ಸಭೆಯಲ್ಲಿ ಹೇಳುವುದು ಹೇಗೆ ಎಂದು ಯೋಚಿಸುತ್ತೇನೆ. ಶಾಲೆ ಇಲ್ಲದೆಯೂ ಕಲಿಯಬಹುದಲ್ಲ ಎಂದು ಯಾರಾದರೂ ತಿರುಗಿ ಕೇಳಿದರೆ? ಅಂಥ ಹಟ ಲಕ್ಷಕ್ಕೊಬ್ಬರಿಗೆ, ಶಾಲೆ ಇರುವುದು ಉಳಿದವರಿಗೆ ಎಂದಷ್ಟೇ ನನ್ನ ಉತ್ತರ.

ಸಹಲಿಗೆ ಮಕ್ಕಳನ್ನು ಒಯ್ಯುವ ಶಿಕ್ಷಕ ಮಿತ್ರರಿಗೆ ಒಂದು ಮಾತು. ಬೆಳಿಗ್ಗೆ ಬಿಸಿಲು ಏರುವ ಮುಂಚೆ ಕೋಟೆ ನೋಡಿ, ಅಲ್ಲಿಯ ಗುಡಿಯ ಕಂಬಗಳ ಮುಂದೆ ಹೆಚ್ಚು ಹೊತ್ತು ನಿಲ್ಲಿ. ಆಮೇಲೆ ಕೆರೆಯ ದಂಡೆ, ಸಿದ್ಧೇಶ್ವರ ಗುಡಿ, ಸಮ್ಮತಿ ಕಟ್ಟೆ. ನಾಲ್ಕು ಪುತ್ಥಳಿ ಮತ್ತು ಇಂದ್ರಭುವನವನ್ನು ಊಟಕ್ಕೆ ಮುಂಚೆ ಮುಗಿಸಬಹುದು. ಮಧ್ಯಾಹ್ನ ಬಾಳೀ ವೇಸಿನಿಂದ ಉತ್ತರ ಕಸಬಾದ ಓಣಿಗಳಲ್ಲಿ ನಡೆಸಿ, ಮಂಗಳವಾರ ಪೇಟೆಯತನಕ. ಮಕ್ಕಳ ಕೈಯಲ್ಲಿ ವಹಿ ಕೊಟ್ಟು, ಅಂಗಡಿ ಫಲಕಗಳಲ್ಲಿ, ಮನೆತನದ ಹೆಸರುಗಳಲ್ಲಿ, ಮುದುಕರ ಮಾತಿನಲ್ಲಿ ಸಿಗುವ ಕನ್ನಡ ಶಬ್ದಗಳನ್ನು ಬರೆದುಕೊಳ್ಳಲು ಹೇಳಿ. ಮರಾಠಿ ಮಾಧ್ಯಮದ ಗೆಳೆಯರೂ ಜೊತೆಗಿದ್ದರೆ ಇನ್ನೂ ಒಳ್ಳೆಯದು, 'ಯಣ್ಣೀಮಜ್ಜನ'ದ ಅರ್ಥವನ್ನು ಅವರಿಗೆ ಹೇಳಿಕೊಡುವ ಸರದಿ ನಮ್ಮ ಹುಡುಗರದು.